ಬಿಸಿಗೆ ತೂಕ ಇದೆಯಾ? ಅಡುಗೆಮನೆಯಲ್ಲೇ ತೂಗಿ ನೋಡಿ

ಒಂದು ಬಾಟಲಿ ತುಂಬ ಬಿಸಿನೀರು ಇದೆ. ಅದೇ ಬಾಟಲಿ ತಣ್ಣಗಾದ ಮೇಲೆ ತೂಗಿದರೆ ತೂಕ ಇಳಿದಿರುತ್ತದಾ, ಏರಿರುತ್ತದಾ, ಹಾಗೇ ಇರುತ್ತದಾ? ಏಳನೇ ಕ್ಲಾಸಿನ ಮಕ್ಕಳಿಗೆ ಈ ಪ್ರಶ್ನೆ ಕೇಳಿ ನೋಡಿ. ಬಿಸಿ ಇದ್ದಾಗಲೇ ಜಾಸ್ತಿ ಅಂತ ಕೆಲವರು ಹೇಳುತ್ತಾರೆ, ಯಾಕಂದರೆ ನೀರಿನ ಜೊತೆ ಬಿಸಿಯೂ ಸೇರಿದೆಯಲ್ಲ. ಬಿಸಿಯಾದದ್ದು ಹಗುರವಾಗಿ ಮೇಲೆ ಹೋಗುತ್ತದೆ, ಹಾಗಾಗಿ ಕಡಿಮೆ ತೂಗುತ್ತದೆ ಅಂತ ಇನ್ನು ಕೆಲವರು. ದೊಡ್ಡವರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಉತ್ತರ ಬರುತ್ತದೆ.

ಪಠ್ಯಪುಸ್ತಕದಲ್ಲಿ ಉತ್ತರ ಇದೆ. ದ್ರವ್ಯಕ್ಕೆ ತೂಕ ಇದೆ, ಅದಕ್ಕೆ ಜಾಗ ಬೇಕು. ಶಾಖ ಶಕ್ತಿಯ ಒಂದು ರೂಪ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬರೆದು ಎರಡು ಅಂಕ ತಗೊಳ್ಳುತ್ತಾರೆ, ಆದರೆ ಮೇಲಿನ ಪ್ರಶ್ನೆಗೆ ಮತ್ತೆ ತಡವರಿಸುತ್ತಾರೆ. ನನ್ನ ಪ್ರಕಾರ ಇದಕ್ಕೆ ಒಂದೇ ದಾರಿ. ವ್ಯಾಖ್ಯೆ ಆಮೇಲೆ, ಮೊದಲು ತಕ್ಕಡಿ. ಮತ್ತೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ತೂಕದ ಲೆಕ್ಕ, ಬಲಕ್ಕೆ ಬಿಸಿಯ ಲೆಕ್ಕ. ಕೆಳಗೆ ಹೇಳುವ ಪ್ರತಿ ಪ್ರಯೋಗದಲ್ಲೂ ಈ ಎರಡನ್ನೂ ಬೇರೆ ಬೇರೆ ಬರೆಯಿರಿ. ಒಂದು ಕಾಲಂನಿಂದ ಇನ್ನೊಂದಕ್ಕೆ ಏನೂ ದಾಟುವುದಿಲ್ಲ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಬೇಕಾಗುವ ಸಾಮಾನು ಕಡಿಮೆ. 1 ಗ್ರಾಂ ತೋರಿಸುವ ಡಿಜಿಟಲ್ ಕಿಚನ್ ತಕ್ಕಡಿ. ಅಡುಗೆಗೆ ಬಳಸುವ, ಚೂಪು ತುದಿಯ ಡಿಜಿಟಲ್ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ದಯವಿಟ್ಟು ಬೇಡ, ಅದು 42 ಡಿಗ್ರಿವರೆಗೆ ಮಾತ್ರ. ಹಳೇ ಗಾಜಿನದಾದರೆ ಬಿಸಿನೀರಿನಲ್ಲಿ ಒಡೆದು ಪಾದರಸ ಚೆಲ್ಲುತ್ತದೆ. ಒಂದು ಸ್ಟೀಲ್ ನೀರಿನ ಬಾಟಲಿ, ಒಂದು ಪ್ಲಾಸ್ಟಿಕ್ ಬಾಟಲಿ, ಒಂದಿಷ್ಟು ಐಸ್, ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಕೆಜಿ ಕಬ್ಬಿಣದ ಬೋಲ್ಟು. ಬಿಸಿನೀರು ಸುರಿಯುವ ಕೆಲಸ ಮಾತ್ರ ದೊಡ್ಡವರೇ ಮಾಡಿ.

ಮೊದಲು ಬಾಟಲಿ

ಸ್ಟೀಲ್ ಬಾಟಲಿ ಒಂದೇ ಪದರದ್ದಾಗಿರಲಿ. ಫ್ಲಾಸ್ಕ್ ಆದರೆ ಸಂಜೆವರೆಗೂ ಬಿಸಿಯಾಗೇ ಇರುತ್ತದೆ, ನಮ್ಮ ಕೆಲಸ ಆಗುವುದಿಲ್ಲ. ಸುಮಾರು 70 ಡಿಗ್ರಿಯ ನೀರನ್ನು ಅರ್ಧ ಲೀಟರ್ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ, ಹೊರಗಿನ ತೇವವನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ. ಕುದಿಯುವ ನೀರು ಬೇಡ. ಗಾಜಿನ ಬಾಟಲಿಯಂತೂ ಬೇಡವೇ ಬೇಡ.

ಈಗ ತಕ್ಕಡಿ. ಬಿಸಿ ಬಾಟಲಿಯನ್ನು ನೇರವಾಗಿ ಅದರ ಮೇಲೆ ಇಡಬೇಡಿ. ಡಿಜಿಟಲ್ ತಕ್ಕಡಿಯೊಳಗೆ ಭಾರಕ್ಕೆ ಒಂಚೂರು ಬಾಗುವ ಲೋಹದ ಪಟ್ಟಿ ಇರುತ್ತದೆ, ಆ ಬಾಗುವಿಕೆಯನ್ನೇ ಅದು ಗ್ರಾಂ ಅಂತ ತೋರಿಸುವುದು. ಪಟ್ಟಿಗೆ ಬಿಸಿ ತಗುಲಿದರೆ ಅಂಕಿ ಜರುಗಲು ಶುರುವಾಗುತ್ತದೆ, ಆಗ ಮಗು "ನೋಡಿ, ಬಿಸಿಗೆ ತೂಕ ಇದೆ" ಅಂತ ಕುಣಿಯುತ್ತದೆ. ಅದಕ್ಕೇ ಒಂದು ದಪ್ಪ ಥರ್ಮಾಕೋಲ್ ತುಂಡು ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ಅದರ ಮೇಲೆ ಬಾಟಲಿ ಇಡಿ. ಅಂಕಿ ನಿಂತ ಕೂಡಲೇ ಬರೆದುಕೊಂಡು ಬಾಟಲಿ ತೆಗೆದುಬಿಡಿ. ಎರಡು ಮೂರು ಗಂಟೆ ಬಿಟ್ಟು ಅದೇ ಥರ್ಮಾಕೋಲ್ ಇಟ್ಟು, ಮತ್ತೆ ಸೊನ್ನೆ ಮಾಡಿ ತೂಗಿ. ಶಾಲೆಯಲ್ಲಾದರೆ ಮೊದಲ ಪೀರಿಯಡ್‌ನಲ್ಲಿ ಒಮ್ಮೆ, ಊಟದ ಬಿಡುವು ಮುಗಿದ ಮೇಲೆ ಒಮ್ಮೆ ತೂಗಿದರೆ ಸರಿಹೋಗುತ್ತದೆ.

ಅಂಕಿ ಅದೇ ಇರುತ್ತದೆ. ಒಂದು ಗ್ರಾಂ ಆಚೆ ಈಚೆ ಆದರೆ ಅದು ತಕ್ಕಡಿಯ ಮಿತಿ. ಮೂರು ನಾಲ್ಕು ಗ್ರಾಂ ಇಳಿದಿದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ, ಹಬೆ ಹೊರಗೆ ಹೋಗಿದೆ ಅಂತ ಅರ್ಥ. ಸುಮ್ನೆ ಪಕ್ಕದಲ್ಲಿ ಒಂದು ತೆರೆದ ಪಾತ್ರೆಯಲ್ಲೂ ಅಷ್ಟೇ ಬಿಸಿನೀರು ಇಟ್ಟು ನೋಡಿ, ಅರ್ಧ ಗಂಟೆಯಲ್ಲಿ ಕೆಲವು ಗ್ರಾಂ ಇಳಿದೇ ಇಳಿಯುತ್ತದೆ. ಅಲ್ಲಿ ಹೋಗಿದ್ದು ನೀರು. ಬಿಸಿ ಎರಡು ಕಡೆಯಿಂದಲೂ ಹೋಗಿದೆ, ತೂಕ ಒಂದು ಕಡೆಯಿಂದ ಮಾತ್ರ ಹೋಗಿದೆ.

ಇನ್ನು ಬಲಗಡೆಯ ಕಾಲಂ ತುಂಬಿ. ಬಿಸಿಯ ಲೆಕ್ಕ ಸುಲಭ. 1 ಗ್ರಾಂ ನೀರು 1 ಡಿಗ್ರಿ ಏರಲು ಬೇಕಾಗುವ ಶಾಖವೇ 1 ಕ್ಯಾಲೊರಿ. (ಬಿಸ್ಕತ್ ಪೊಟ್ಟಣದ ಮೇಲೆ ಬರೆದಿರುವ ಕ್ಯಾಲೊರಿ ಇದರ ಸಾವಿರ ಪಟ್ಟು, ಅದು ಬೇರೆ ವಿಷಯ.) ಹಾಗಾದರೆ ನೀರಿನ ಗ್ರಾಂ ಅನ್ನು ಡಿಗ್ರಿಯಿಂದ ಗುಣಿಸಿದರೆ ಮುಗಿಯಿತು. 500 ಗ್ರಾಂ ನೀರು 70 ಡಿಗ್ರಿಯಿಂದ 26ಕ್ಕೆ ಇಳಿದರೆ 500 ಗುಣಿಸು 44, ಅಂದರೆ 22,000 ಕ್ಯಾಲೊರಿ ಹೊರಗೆ ಹೋಗಿದೆ. ಇದು ಚಿಲ್ಲರೆ ಅಲ್ಲ. ಇಷ್ಟು ಶಕ್ತಿಯಲ್ಲಿ 50 ಕೆಜಿಯ ಅಕ್ಕಿ ಮೂಟೆಯನ್ನು ಹತ್ತಿರ ಹತ್ತಿರ 190 ಮೀಟರ್ ಎತ್ತಬಹುದು. ಅಷ್ಟೆಲ್ಲ ಬಾಟಲಿಯಿಂದ ಹೋಯಿತು, ತಕ್ಕಡಿಗೆ ಗೊತ್ತೇ ಆಗಲಿಲ್ಲ!

ಐಸ್ ಬಾಟಲಿಯ ಮೋಸ

ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಮಾತ್ರ ನೀರು ಹಾಕಿ, ಮುಚ್ಚಿ, ತೂಗಿ, ಫ್ರೀಜರ್‌ಗೆ ಹಾಕಿ. ಪೂರ್ತಿ ತುಂಬಿದರೆ ಒಡೆಯಬಹುದು, ನೀರು ಐಸಾಗುವಾಗ ಸುಮಾರು ಒಂಬತ್ತು ಪರ್ಸೆಂಟ್ ಹಿಗ್ಗುತ್ತದೆ. ಮರುದಿನ ತೆಗೆದು ಒರೆಸಿದ ತಕ್ಷಣ ತೂಗಿ. ಗಾತ್ರ ಜಾಸ್ತಿಯಾಗಿದೆ, ತೂಕ ಅಷ್ಟೇ ಇದೆ.

ಆದರೆ ಬಾಟಲಿಯನ್ನು ತಕ್ಕಡಿಯ ಮೇಲೇ ಬಿಟ್ಟು ನೋಡುತ್ತಾ ಕೂತರೆ ಅಂಕಿ ನಿಧಾನಕ್ಕೆ ಏರುತ್ತದೆ. ಮಳೆಗಾಲದ ಮಂಗಳೂರಲ್ಲಾದರೆ ಬೇಗ ಏರುತ್ತದೆ, ಬೇಸಿಗೆಯ ಕಲಬುರಗಿಯಲ್ಲಿ ನಿಧಾನ. ಬಾಟಲಿಗೆ ಬಿಸಿ ಸೇರುತ್ತಿದೆ, ತೂಕವೂ ಏರುತ್ತಿದೆ, ಹಾಗಾದರೆ ಬಿಸಿಗೆ ತೂಕ ಇದೆ ಅಲ್ವಾ? ಇಲ್ಲಿ ಮಕ್ಕಳನ್ನು ಸ್ವಲ್ಪ ಹೊತ್ತು ಯೋಚಿಸಲು ಬಿಡಿ, ಉತ್ತರ ಹೇಳಬೇಡಿ. ಯಾರಾದರೂ ಬಾಟಲಿ ಮುಟ್ಟಿ ಕೈ ಒದ್ದೆ ಮಾಡಿಕೊಂಡೇ ಕೊಳ್ಳುತ್ತಾರೆ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಬಾಟಲಿಗೆ ತಗುಲಿ ಹನಿಯಾಗಿ ಅಂಟಿಕೊಂಡಿದೆ. ಒರೆಸಿ ಇಟ್ಟರೆ ಅಂಕಿ ಮತ್ತೆ ಹಳೇ ಜಾಗಕ್ಕೆ ಬರುತ್ತದೆ. ಒರೆಸಿದ ಬಟ್ಟೆಯನ್ನು ಮೊದಲೂ ಆಮೇಲೂ ತೂಗಿದರೆ ಏರಿದ ಗ್ರಾಂ ಎಲ್ಲಿಂದ ಬಂತು ಅನ್ನುವುದೂ ಸಿಗುತ್ತದೆ. ನನಗೆ ಈ ಇಡೀ ಸರಣಿಯಲ್ಲಿ ಅತಿ ಇಷ್ಟವಾದ ಭಾಗ ಇದು. ತೂಕ ಬದಲಾದರೆ ಯಾವುದೋ ವಸ್ತು ಬಂದಿದೆ ಅಥವಾ ಹೋಗಿದೆ, ಹುಡುಕು ಅನ್ನುವ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ.

ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ. 18ನೇ ಶತಮಾನದಲ್ಲಿ ಶಾಖ ಅಂದರೆ ಕಣ್ಣಿಗೆ ಕಾಣದ ಒಂದು ದ್ರವ ಅಂತ ಬಹಳ ವಿಜ್ಞಾನಿಗಳು ನಂಬಿದ್ದರು. ಅದಕ್ಕೆ ಕ್ಯಾಲೊರಿಕ್ ಅಂತ ಹೆಸರು. ಆಧುನಿಕ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಫ್ರಾನ್ಸಿನ ಲವಾಸಿಯೆ 1789ರಲ್ಲಿ ಮೂಲವಸ್ತುಗಳ ಪಟ್ಟಿ ಮಾಡಿದಾಗ ಅದರಲ್ಲಿ ಆಮ್ಲಜನಕ, ಜಲಜನಕದ ಜೊತೆ ಬೆಳಕು ಮತ್ತು ಕ್ಯಾಲೊರಿಕ್ ಕೂಡ ಇದ್ದವು. ತೂಕ ಮಾಡುವುದರಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಅವನು. ಹಾಗಾಗಿ ನಿಮ್ಮ ಮಗು "ಬಿಸಿ ಒಳಗೆ ಸೇರಿಕೊಳ್ಳುತ್ತೆ" ಅಂದರೆ ದಡ್ಡತನ ಅಂತ ಗದರಬೇಡಿ. ಬಹಳ ಸಹಜವಾದ ಊಹೆ ಅದು.

ಇದನ್ನು ತಕ್ಕಡಿಗೆ ಹಾಕಿ ನೋಡಿದವರಲ್ಲಿ ಮುಖ್ಯನಾದವನು ಕೌಂಟ್ ರಮ್‌ಫರ್ಡ್. ಹುಟ್ಟುಹೆಸರು ಬೆಂಜಮಿನ್ ಥಾಂಪ್ಸನ್, ಅಮೆರಿಕದ ಮ್ಯಾಸಚುಸೆಟ್ಸ್‌ನವನು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಬಹಳ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಶಾಖ ಹೋದರೂ ಬಂದರೂ ತೂಕ ಬದಲಾಗುವುದಿಲ್ಲ ಅಂತ 1799ರಲ್ಲಿ ಪ್ರಕಟಿಸಿದ. ನೀವು ಐಸ್ ಬಾಟಲಿಯಲ್ಲಿ ಮಾಡಿದ್ದೂ ಅದನ್ನೇ.

ಮಿಕ್ಸಿಯಲ್ಲಿ ನೀರು

ತೂಕ ಇಲ್ಲ ಅಂದಮಾತ್ರಕ್ಕೆ ವಾದ ಮುಗಿಯಲಿಲ್ಲ. ಕ್ಯಾಲೊರಿಕ್‌ಗೆ ತೂಕವೇ ಇಲ್ಲದಿರಬಹುದು, ಆದರೂ ಅದು ಒಂದು ವಸ್ತುವೇ ಅಂತ ಹಟ ಹಿಡಿದವರಿದ್ದರು. ಅವರಿಗೆ ಉತ್ತರ ಸಿಕ್ಕಿದ್ದು ಫಿರಂಗಿ ಕಾರ್ಖಾನೆಯಲ್ಲಿ. ಇದೇ ರಮ್‌ಫರ್ಡ್ ಜರ್ಮನಿಯ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಸುವ ಕೆಲಸ ನೋಡಿಕೊಳ್ಳುತ್ತಿದ್ದ. ಲೋಹ ಕೊರೆಯುವಾಗ ಭಯಂಕರ ಬಿಸಿಯಾಗುತ್ತಿತ್ತು. ಬೇಕಂತಲೇ ಮೊಂಡಾದ ಕೊರೆಯುವ ಉಪಕರಣ ಹಾಕಿ, ಸುತ್ತ ನೀರು ತುಂಬಿದ ಪೆಟ್ಟಿಗೆ ಕಟ್ಟಿ, ಕುದುರೆಗಳಿಂದ ತಿರುಗಿಸಿದ. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಬೆಂಕಿಯೇ ಇಲ್ಲ! ಕುದುರೆ ತಿರುಗುವವರೆಗೂ ಬಿಸಿ ಬರುತ್ತಲೇ ಇತ್ತು, ಖಾಲಿಯಾಗುವ ಲಕ್ಷಣವೇ ಇಲ್ಲ. 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವನು ಇಟ್ಟ ವಾದ ಇಷ್ಟೇ: ಲೋಹದೊಳಗೆ ತುಂಬಿಟ್ಟ ವಸ್ತುವಾಗಿದ್ದರೆ ಒಂದಲ್ಲ ಒಂದು ಹೊತ್ತಿಗೆ ಮುಗಿಯಬೇಕಿತ್ತು. ಮುಗಿಯದೆ ಬರುತ್ತಿದೆ ಅಂದರೆ ಅದು ವಸ್ತುವಾಗಿರಲು ಸಾಧ್ಯವಿಲ್ಲ, ಅದು ಚಲನೆಯೇ ಇರಬೇಕು.

ಇದನ್ನು ಮನೆಯಲ್ಲಿ ಮಾಡಲು ಫಿರಂಗಿ ಬೇಡ, ಮಿಕ್ಸಿ ಸಾಕು. ಮಿಕ್ಸಿಯಲ್ಲಿ ದೋಸೆ ಹಿಟ್ಟು ರುಬ್ಬಿದವರಿಗೆ ಗೊತ್ತು, ಹಿಟ್ಟು ಬೆಚ್ಚಗಾಗುತ್ತದೆ, ಅದಕ್ಕೇ ತಣ್ಣೀರು ಹಾಕಿ ರುಬ್ಬುತ್ತಾರೆ. ರಾತ್ರಿಯಿಡೀ ಹೊರಗಿಟ್ಟ ನೀರನ್ನು ಜಾರಿನ ಅರ್ಧದಷ್ಟು ಹಾಕಿ, ಉಷ್ಣತೆ ಬರೆದುಕೊಳ್ಳಿ. ಒಂದು ನಿಮಿಷ ಜೋರಾಗಿ ತಿರುಗಿಸಿ, ಜಾರ್ ಎತ್ತಿ ಕೆಳಗಿಡಿ, ಮೋಟಾರ್ ಸ್ವಲ್ಪ ಆರಲಿ, ಮತ್ತೆ ಒಂದು ನಿಮಿಷ. ಹೀಗೆ ನಾಲ್ಕೈದು ಸಲ ಮಾಡಿ ನೋಡಿದರೆ ಉಷ್ಣತೆ ಏರಿರುವುದು ಥರ್ಮಾಮೀಟರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಜಾರನ್ನು ಮೋಟಾರಿನ ಮೇಲೇ ಬಿಟ್ಟರೆ ಅದರ ಬಿಸಿಯೂ ಸೇರಿ ಲೆಕ್ಕ ಕೆಡುತ್ತದೆ, ಅದಕ್ಕೇ ಎತ್ತಿಡಿ ಅಂದಿದ್ದು. ಬಿಸಿನೀರಿನಲ್ಲಿ ಈ ಪ್ರಯೋಗ ಮಾಡಬೇಡಿ, ಮುಚ್ಚಳ ಹಾರಿ ಸುಡುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಎಡಗಡೆ ಕಾಲಂನಲ್ಲಿ ಏನೂ ಬದಲಾಗಿಲ್ಲ, ಹಾಕಿದ ನೀರು ಅಷ್ಟೇ ಇದೆ. ಬಲಗಡೆ ಏರಿದೆ. ಒಲೆ ಹಚ್ಚಲಿಲ್ಲ, ಬಿಸಿಯಾದ ಯಾವ ವಸ್ತುವೂ ಮುಟ್ಟಲಿಲ್ಲ. ಬ್ಲೇಡು ನೀರನ್ನು ಕಲಕಿತು ಅಷ್ಟೇ. ಕಲಕಿದ ಚಲನೆಯೇ ನೀರಿನ ಕಣಗಳ ಓಡಾಟವಾಗಿ ಉಳಿಯಿತು, ಆ ಓಡಾಟ ಜಾಸ್ತಿಯಾದದ್ದನ್ನೇ ನಾವು ಬಿಸಿ ಅಂತ ಮುಟ್ಟಿ ತಿಳಿಯುವುದು.

ಎಷ್ಟು ಕಲಕಿದರೆ ಎಷ್ಟು ಬಿಸಿ ಅನ್ನುವುದನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಜೇಮ್ಸ್ ಜೂಲ್ ಲೆಕ್ಕ ಹಾಕಿದ. ಬಿಯರ್ ತಯಾರಿಸುವ ಮನೆತನದವನು, ಉಷ್ಣತೆಯ ಸಣ್ಣ ಸಣ್ಣ ವ್ಯತ್ಯಾಸ ಅಳೆಯುವುದರಲ್ಲಿ ಎತ್ತಿದ ಕೈ. ಹಗ್ಗಕ್ಕೆ ತೂಕ ಕಟ್ಟಿ ಕೆಳಕ್ಕೆ ಬಿಟ್ಟರೆ ನೀರೊಳಗಿನ ರೆಕ್ಕೆಗಳು ತಿರುಗುವಂತೆ ಮಾಡಿ, 1840ರ ದಶಕದುದ್ದಕ್ಕೂ ಅಳೆದ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, 1 ಕೆಜಿ ನೀರು 1 ಡಿಗ್ರಿ ಬಿಸಿಯಾಗಲು 1 ಕೆಜಿ ತೂಕ ಸುಮಾರು 427 ಮೀಟರ್ ಬೀಳಬೇಕು. ಜಲಪಾತದ ಕೆಳಗಿನ ನೀರು ಮೇಲಿನ ನೀರಿಗಿಂತ ಒಂಚೂರು ಬೆಚ್ಚಗಿರಬೇಕು ಅಂತಲೂ ಅವನು ಹೇಳಿದ, ನಯಾಗರಾಕ್ಕೆ ಲೆಕ್ಕವನ್ನೂ ಕೊಟ್ಟ. ನಾವು ಜೋಗಕ್ಕೆ ಹಾಕೋಣ. ಜೋಗದ ಎತ್ತರ 253 ಮೀಟರ್. 253ನ್ನು 427ರಿಂದ ಭಾಗಿಸಿದರೆ ಸುಮಾರು 0.6. ಬಿದ್ದ ರಭಸವೆಲ್ಲ ನೀರಲ್ಲೇ ಉಳಿದರೆ ಜೋಗದ ನೀರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬೆಚ್ಚಗಾಗಬೇಕು. ನಿಜವಾಗಿ ಅಲ್ಲಿ ಹೋಗಿ ಅಳೆದರೆ ಇದು ಸಿಗುವುದು ಕಷ್ಟ. ಬೀಳುವಾಗ ನೀರು ಧೂಳಿನಂತೆ ಚದುರಿ ಆವಿಯಾಗುತ್ತದೆ, ಆವಿಯಾದಾಗ ತಣ್ಣಗಾಗುತ್ತದೆ. ಲೆಕ್ಕ ಹಾಕಿಸಲು ಮಾತ್ರ ಬಹಳ ಒಳ್ಳೆಯ ಉದಾಹರಣೆ.

ಬೆರೆಸುವ ಪ್ರಯೋಗಗಳು

200 ಗ್ರಾಂ ನೀರು 70 ಡಿಗ್ರಿಯದ್ದು, 200 ಗ್ರಾಂ ನೀರು 26 ಡಿಗ್ರಿಯದ್ದು. ಬೆರೆಸಿ. ತೂಕ 400, ಕೂಡಿಸಿದರೆ ಆಯಿತು. ಉಷ್ಣತೆ 96 ಆಗುವುದಿಲ್ಲ, ಅದು ಸ್ನಾನದ ನೀರು ಹದ ಮಾಡಿದವರೆಲ್ಲರಿಗೂ ಗೊತ್ತು. 48ರ ಹತ್ತಿರ ಬರುತ್ತದೆ, ಪಾತ್ರೆಯೂ ಸ್ವಲ್ಪ ಬಿಸಿ ಎಳೆದುಕೊಳ್ಳುವುದರಿಂದ ಒಂದೆರಡು ಡಿಗ್ರಿ ಕಡಿಮೆಯೇ ಇರಬಹುದು. ಲೆಕ್ಕ ನೋಡಿ. ಬಿಸಿನೀರು 22 ಡಿಗ್ರಿ ಇಳಿದು 4,400 ಕ್ಯಾಲೊರಿ ಕಳೆದುಕೊಂಡಿತು, ತಣ್ಣೀರು 22 ಡಿಗ್ರಿ ಏರಿ ಅಷ್ಟನ್ನೇ ಪಡೆಯಿತು. ಉಷ್ಣತೆ ಮತ್ತು ಶಾಖ ಬೇರೆ ಬೇರೆ ಅನ್ನುವುದೂ ಇಲ್ಲಿ ಗೊತ್ತಾಗುತ್ತದೆ. ಥರ್ಮಾಮೀಟರ್ ತೋರಿಸುವುದು ಉಷ್ಣತೆಯನ್ನು ಮಾತ್ರ.

ಇನ್ನೂ ಚೆನ್ನಾಗಿ ಗೊತ್ತಾಗಬೇಕಾದರೆ ಬೋಲ್ಟು ತನ್ನಿ. 500 ಗ್ರಾಂ ಕಬ್ಬಿಣದ ಬೋಲ್ಟುಗಳನ್ನು ದಾರದಲ್ಲಿ ಕಟ್ಟಿ, ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ. ಆಗ ಅವೂ ಕುದಿಯುವ ನೀರಿನಷ್ಟೇ ಬಿಸಿಯಾಗಿರುತ್ತವೆ. ಮಂಗಳೂರು, ಕಾರವಾರದಲ್ಲಿ ಅದು 100 ಡಿಗ್ರಿ, ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವುದರಿಂದ ಅಲ್ಲಿ ಸುಮಾರು 97. ದಾರ ಹಿಡಿದು ಎತ್ತಿ, ನೀರು ಜಾಡಿಸಿ, 26 ಡಿಗ್ರಿಯ 500 ಗ್ರಾಂ ನೀರಿಗೆ ಇಳಿಸಿ, ಕಲಕಿ. ಎಷ್ಟು ಬರಬಹುದು ಅಂತ ಮೊದಲೇ ಬರೆಸಿ. 500ಕ್ಕೆ 500, ಹಾಗಾಗಿ ಬೆಂಗಳೂರಲ್ಲಾದರೆ 97 ಮತ್ತು 26ರ ನಡುವೆ 61 ಬರುತ್ತದೆ ಅಂತ ಜಾಸ್ತಿ ಜನ ಬರೆಯುತ್ತಾರೆ. ಬರುವುದು ಸುಮಾರು 33!

ಅಷ್ಟೇ ತೂಕದ, ಅಷ್ಟೇ ಬಿಸಿಯ ನೀರಿಗೆ ಹೋಲಿಸಿದರೆ ಕಬ್ಬಿಣ ತಂದ ಶಾಖ ಬಹಳ ಕಡಿಮೆ. ನೀರು ಪಡೆದದ್ದು 500 ಗುಣಿಸು 7, ಅಂದರೆ 3,500 ಕ್ಯಾಲೊರಿ. ಅದನ್ನು ಕೊಡಲು ಕಬ್ಬಿಣ 64 ಡಿಗ್ರಿ ಇಳಿಯಬೇಕಾಯಿತು. ಹೆಚ್ಚುಕಮ್ಮಿ ನೀರಿನ ಒಂಬತ್ತನೇ ಒಂದು ಪಾಲು. ಕಾದ ಕಾವಲಿ ಒಂದು ಲೋಟ ನೀರು ಬಿದ್ದ ಕೂಡಲೇ ಸಪ್ಪಗಾಗುವುದು ಇದಕ್ಕೇ. ಶಾಖ ಒಂದು ವಸ್ತು, ಕೆಜಿಗೆ ಇಷ್ಟು ಅಂತ ತುಂಬಿಕೊಳ್ಳುತ್ತದೆ ಅಂತ ಅಂದುಕೊಂಡವರಿಗೆ ಈ ಪ್ರಯೋಗದ ಮುಂದೆ ಮಾತು ಹೊರಡುವುದಿಲ್ಲ.

ಐಸಿನದು ಇನ್ನೂ ವಿಚಿತ್ರ. ಫ್ರೀಜರ್‌ನಿಂದ ತೆಗೆದ ಐಸನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಅದು ಬೆವರಿ ಹನಿ ಇಳಿಸಲು ಶುರುಮಾಡಲಿ. ಆಗ ಅದು 0 ಡಿಗ್ರಿಗೆ ಬಂದಿದೆ ಅಂತ ಅರ್ಥ. ಮೇಲಿನ ನೀರು ಬಸಿದು, 200 ಗ್ರಾಂ ಐಸಿಗೆ 80 ಡಿಗ್ರಿಯ 200 ಗ್ರಾಂ ನೀರು ಸುರಿದು ಕಲಕಿ. ಐಸು ಪೂರ್ತಿ ಕರಗುತ್ತದೆ, ಉಷ್ಣತೆ 0ಗೆ ಬಹಳ ಹತ್ತಿರ ನಿಲ್ಲುತ್ತದೆ. ಪಾತ್ರೆಯದ್ದೂ ಗಾಳಿಯದ್ದೂ ಸೇರಿ ಒಂದೆರಡು ಡಿಗ್ರಿ ಜಾಸ್ತಿ ಬರಬಹುದು ಅಷ್ಟೇ. ಐಸಿನ ಬದಲು 0 ಡಿಗ್ರಿಯ ನೀರು ಹಾಕಿದ್ದರೆ 40 ಬರುತ್ತಿತ್ತು. ಆ 16,000 ಕ್ಯಾಲೊರಿ ಎಲ್ಲಿ ಹೋಯಿತು? ತೂಕ 400 ಗ್ರಾಂ, ಅಲ್ಲಿ ಏನೂ ಅಡಗಿಲ್ಲ. ಐಸಿನಲ್ಲಿ ಒಂದಕ್ಕೊಂದು ಹಿಡಿದುಕೊಂಡ ಕಣಗಳನ್ನು ಬಿಡಿಸಲು ಅದಷ್ಟೂ ಖರ್ಚಾಯಿತು. ಗ್ರಾಂಗೆ 80 ಕ್ಯಾಲೊರಿ, ಸರಿಯಾಗಿ 1 ಗ್ರಾಂ ನೀರನ್ನು 0ಯಿಂದ 80ಕ್ಕೆ ಏರಿಸುವಷ್ಟು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇದನ್ನು ಕಂಡುಹಿಡಿದು ಗುಪ್ತೋಷ್ಣ ಅಂತ ಕರೆದ. ನೀರು ಆವಿಯಾಗಲು ಇನ್ನೂ ಜಾಸ್ತಿ ಬೇಕು, ಗ್ರಾಂಗೆ ಸುಮಾರು 540. ಇಡ್ಲಿ ಪಾತ್ರೆಯ ಹಬೆ ಕೈಗೆ ಬಡಿದರೆ ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುವುದು ಅದಕ್ಕೆ. ಹಬೆ ಕೈ ಮೇಲೆ ನೀರಾಗುವಾಗ ಆ 540ನ್ನೂ ಬಿಟ್ಟುಕೊಡುತ್ತದೆ.

ಸಿಲಿಂಡರ್ ಖಾಲಿಯಾದಾಗ ಗ್ಯಾಸ್ ಎಲ್ಲಿ ಹೋಯಿತು?

ಇದು ಅತಿ ಹೆಚ್ಚು ಜನ ತಪ್ಪಾಗಿ ತಿಳಿದಿರುವ ಪ್ರಶ್ನೆ. ಮನೆ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಖಾಲಿಯಾದ ಮೇಲೆ ಅಷ್ಟು ತೂಕ ಇಳಿದಿರುತ್ತದೆ. "ಗ್ಯಾಸ್ ಉರಿದು ಶಾಖವಾಯಿತು" ಅಂತ ಎಲ್ಲರೂ ಹೇಳುತ್ತಾರೆ. ವಸ್ತು ಶಾಖವಾಗಿ ಬದಲಾಯಿತು ಅನ್ನುವ ಭಾವನೆ ಬರುವುದೇ ಇಲ್ಲಿಂದ.

ಫ್ರಿಜ್‌ನ ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯ ತಳವನ್ನು ಚೆನ್ನಾಗಿ ಒರೆಸಿ, ಒಲೆ ಹಚ್ಚಿ, ಉರಿಯ ಮೇಲಿಟ್ಟು ಕೂಡಲೇ ಬಗ್ಗಿ ಹೊರಗಿನ ಮೈ ನೋಡಿ. ಹೊಳೆಯುತ್ತಿದ್ದ ಸ್ಟೀಲು ಮಸುಕಾಗಿ ಮಂಜು ಕಟ್ಟುತ್ತದೆ. ಪಾತ್ರೆ ಬಿಸಿಯಾಗುತ್ತಿದ್ದಂತೆ ಅದು ಮಾಯ. ಬೆಂಕಿಯ ಮೇಲಿಟ್ಟ ಪಾತ್ರೆಗೆ ನೀರು ಎಲ್ಲಿಂದ ಬಂತು? ಗ್ಯಾಸಿನಲ್ಲಿದ್ದ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾವಿಯಾಗಿದೆ, ಅದರಲ್ಲಿ ಒಂಚೂರು ತಣ್ಣನೆಯ ಸ್ಟೀಲಿಗೆ ಅಂಟಿತು. ಕಾರ್ಬನ್ ಹೋಗಿ ಇಂಗಾಲದ ಡೈಆಕ್ಸೈಡ್ ಆಯಿತು. 14.2 ಕೆಜಿ ಗ್ಯಾಸ್ ಪೂರ್ತಿ ಉರಿಯಲು ಸುಮಾರು 51 ಕೆಜಿ ಆಮ್ಲಜನಕ ಬೇಕು. ಉರಿದ ಮೇಲೆ ಸುಮಾರು 43 ಕೆಜಿ ಇಂಗಾಲದ ಡೈಆಕ್ಸೈಡ್, 22 ಕೆಜಿ ನೀರಾವಿ. ಕೂಡಿಸಿ ನೋಡಿ, ಎರಡು ಕಡೆಯೂ 65 ಕೆಜಿ. ಎಲ್ಲ ಕಿಟಕಿಯಿಂದ ಹೊರಗೆ ಹೋಗಿದೆ. ಅಡುಗೆಮನೆ ಕಿಟಕಿ ತೆಗೆದಿಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬಿಸಿ ಬಂದದ್ದು ಹೇಗೆ? ಪರಮಾಣುಗಳು ಹಳೇ ಜೋಡಿ ಬಿಟ್ಟು ಇನ್ನೂ ಗಟ್ಟಿಯಾದ ಹೊಸ ಜೋಡಿ ಕಟ್ಟಿಕೊಂಡವು, ಆಗ ಉಳಿದ ಶಕ್ತಿಯೇ ಶಾಖವಾಗಿ ಬಂತು. ಮೇಣದಬತ್ತಿ, ಸೌದೆ, ಸ್ಕೂಟರಿನ ಪೆಟ್ರೋಲ್ ಎಲ್ಲದರದ್ದೂ ಇದೇ ಕಥೆ.

ಗೊಂದಲ ಆದಾಗ ಕೇಳಬೇಕಾದ್ದು

ಅದನ್ನು ಮುಚ್ಚಿದ ಡಬ್ಬದಲ್ಲಿ ಹಿಡಿದು ತೂಗಬಹುದಾ, ಅದು ಇರುವ ಜಾಗದಲ್ಲಿ ಇನ್ನೊಂದು ಕೂರಬಹುದಾ, ಇಷ್ಟು ಕೇಳಿಕೊಂಡರೆ ಬಹಳಷ್ಟು ಗೊಂದಲ ಬಗೆಹರಿಯುತ್ತದೆ. ತೂಗಬಹುದು, ಅದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಅಂದರೆ ಅದು ವಸ್ತು. ಹಬೆ ವಸ್ತು. ಹೊಗೆ ವಸ್ತು. ಊದುಬತ್ತಿಯ ವಾಸನೆ ವಸ್ತುವೇ, ಕಣಗಳು ಮೂಗಿಗೆ ಬರಬೇಕು. ಬಿಸಿಗಾಳಿ ವಸ್ತು, ಮೇಲೆ ಹೋಗುವುದು ಶಾಖ ಅಲ್ಲ, ಬಿಸಿಯಾಗಿ ಹಿಗ್ಗಿದ ಗಾಳಿ. ಬೆಂಕಿಯ ಜ್ವಾಲೆಯಲ್ಲಿ ಎರಡೂ ಇದೆ. ಕಾದ ಅನಿಲ ಮತ್ತು ಮಸಿಯ ಕಣಗಳು ವಸ್ತು, ಅವುಗಳಿಂದ ಹೊರಡುವ ಬೆಳಕೂ ಶಾಖವೂ ಶಕ್ತಿ. ಮಕ್ಕಳು ಜಾಸ್ತಿ ಜಗಳ ಮಾಡುವುದು ಜ್ವಾಲೆಯ ಬಗ್ಗೆಯೇ, ಮಾಡಲಿ ಬಿಡಿ.

ಬಿಸಿಲಿಗೆ ಮಾತ್ರ ಸ್ವಲ್ಪ ಸಮಯ ಕೊಡಿ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರ, ನಡುವೆ ಹೆಚ್ಚುಕಮ್ಮಿ ಏನೂ ಇಲ್ಲ. ಆದರೂ ಎಂಟು ನಿಮಿಷ ಚಿಲ್ಲರೆಯಲ್ಲಿ ಅಲ್ಲಿಂದ ಹೊರಟ ಶಕ್ತಿ ಬೆಳಕಾಗಿ ಬಂದು ನಮ್ಮ ತಾರಸಿ ಕಾಯಿಸುತ್ತದೆ. ತಾರಸಿ ಮೇಲಿನ ಸೋಲಾರ್ ಹೀಟರ್‌ನಲ್ಲಿ ಗಾಜಿನ ಕೊಳವೆಗಳದ್ದಿದ್ದರೆ ಹತ್ತಿರ ಹೋಗಿ ತೋರಿಸಿ. ಪ್ರತಿ ಕೊಳವೆಗೂ ಎರಡು ಗಾಜಿನ ಪದರ, ನಡುವಿನ ಗಾಳಿಯನ್ನು ತೆಗೆದಿರುತ್ತಾರೆ. ಆ ನಿರ್ವಾತ ದಾಟಿ ಬಿಸಿಲು ಒಳಗೆ ಹೋಗುತ್ತದೆ, ಒಳಗಿನ ಬಿಸಿಯನ್ನು ಹೊರಗೆ ಒಯ್ಯಲು ಅಲ್ಲಿ ಗಾಳಿ ಇಲ್ಲ. ಉರಿಬಿಸಿಲಲ್ಲೂ ಹೊರಗಿನ ಗಾಜು ಮುಟ್ಟಿದರೆ ಕೈ ಸುಡುವುದಿಲ್ಲ, ಒಳಗೆ ನೀರು ಕಾದಿರುತ್ತದೆ.

ಕೊನೆಗೆ ಐನ್‌ಸ್ಟೈನ್. ಚುರುಕಾದ ಮಗು ಇದ್ದರೆ ಕೇಳಿಯೇ ಕೇಳುತ್ತದೆ: ಶಕ್ತಿಗೂ ದ್ರವ್ಯರಾಶಿ ಇದೆ ಅಂತ ಅವರು ಹೇಳಿದ್ದಾರಲ್ಲ, ಹಾಗಾದರೆ ಬಿಸಿನೀರು ಜಾಸ್ತಿ ತೂಗಬೇಕಲ್ವಾ? ಪ್ರಶ್ನೆ ಸರಿಯಾಗಿದೆ, ತಳ್ಳಿಹಾಕಬೇಡಿ. 1905ರ ಆ ಸೂತ್ರದ (E = mc²) ಪ್ರಕಾರ ಬಿಸಿನೀರು ನಿಜವಾಗಿಯೂ ಒಂಚೂರು ಜಾಸ್ತಿ ತೂಗುತ್ತದೆ. ಎಷ್ಟು ಅಂತ ಕೂತು ಲೆಕ್ಕ ಹಾಕಿಸಿ. ಬೆಂಗಳೂರಿನಲ್ಲಿ 1 ಕೆಜಿ ನೀರನ್ನು 26 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 71,000 ಕ್ಯಾಲೊರಿ ಬೇಕು, ಶಕ್ತಿಯ ಇನ್ನೊಂದು ಅಳತೆಯಾದ ಜೂಲ್‌ನಲ್ಲಿ ಹೇಳಿದರೆ ಸುಮಾರು 2,97,000. ಅದನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಏರುವ ತೂಕ ಸುಮಾರು 3.3 ನ್ಯಾನೊಗ್ರಾಂ. ನಮ್ಮ ತಕ್ಕಡಿ ತೋರಿಸುವ 1 ಗ್ರಾಂ ಅದಕ್ಕಿಂತ 30 ಕೋಟಿ ಪಟ್ಟು ದೊಡ್ಡದು. ಒಂದು ಇಡೀ ಸಿಲಿಂಡರ್ ಉರಿದು ಶಾಖವೆಲ್ಲ ಹೊರಟುಹೋದಾಗ ಆ 65 ಕೆಜಿಯಲ್ಲಿ ಕಡಿಮೆಯಾಗುವುದೂ ಸುಮಾರು 7 ಮೈಕ್ರೊಗ್ರಾಂ ಮಾತ್ರ. ಇಲ್ಲೂ ಹೊಸದಾಗಿ ಯಾವ ಕಣವೂ ನೀರಿಗೆ ಸೇರಿಲ್ಲ, ನೀರಿನ ಅಣುಗಳ ಎಣಿಕೆ ಮೊದಲಿನಷ್ಟೇ ಇದೆ. ಭಾಗಾಕಾರದಲ್ಲಿ ಸೊನ್ನೆಗಳು ಜಾಸ್ತಿ ಬರುತ್ತವೆ, ಹತ್ತರ ಘಾತ ಗೊತ್ತಿಲ್ಲದ ಮಕ್ಕಳಿಗೆ ಅದನ್ನು ಮೊದಲು ಹೇಳಿಕೊಟ್ಟು ಆಮೇಲೆ ಈ ಲೆಕ್ಕಕ್ಕೆ ಕೂರಿಸಿ.